ಬೈಟು ಕಾಫಿಯಲ್ಲಿ ಮುಗಿದ ಲೂಕಾ ವ್ಯಾಪಾರ: ಡಲ್ಲಾಸ್ ಕುರ್ಚಿಯಲ್ಲಿ ನೀವಿದ್ದಿದ್ದರೆ?

ಆರೂವರೆ_ಅಲಾರಂ:

ಲೂಕಾ ಡಾನ್ಚಿಚ್ ಅವರನ್ನು ಲೇಕರ್ಸ್‌ಗೆ ಕೊಟ್ಟ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅವರನ್ನು ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) ತಂಡ ಡಲ್ಲಾಸ್ ಮ್ಯಾವರಿಕ್ಸ್ ಕೊನೆಗೂ ಮನೆಗೆ ಕಳಿಸಿತು. 2025ರ ನವೆಂಬರ್ 11. ಅಷ್ಟೊತ್ತಿಗೆ 2025-26 ಸೀಸನ್‌ನ 11 ಪಂದ್ಯಗಳಲ್ಲಿ ತಂಡ ಗೆದ್ದದ್ದು 3. ಬೈಯುವವರೆಲ್ಲ ಬೈದಾಯಿತು. ಇಲ್ಲಿ ಬೈಗುಳ ಬೇಡ, ಲೆಕ್ಕ ಹಾಕೋಣ.

2025ರ ಜನವರಿ ಅಂದುಕೊಳ್ಳಿ. ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನೀವೇ. ಎದುರಿಗೆ ಲೇಕರ್ಸ್ ತಂಡದ ಜನರಲ್ ಮ್ಯಾನೇಜರ್ ರಾಬ್ ಪೆಲಿಂಕಾ, ಕೈಯಲ್ಲಿ ಕಾಫಿ. ಅವರು ಕೇಳುತ್ತಿರುವುದು ಲೂಕಾ ಡಾನ್ಚಿಚ್, ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್. ನಿಮಗೆ ಸಿಗುವುದು ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು ಲೇಕರ್ಸ್‌ನ 2029ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸುವ ಸರದಿ). ಅಷ್ಟೇ. (ನಡುವೆ ಯೂಟಾ ಜಾಜ್ ಕೂಡ ಇತ್ತು. ಅವರ ಪಾಲು ಚಿಲ್ಲರೆ, ಬಿಡಿ.)

ಲೂಕಾಗೆ ಆಗ 25. ಐದು ವರ್ಷ ಸತತವಾಗಿ ಆಲ್-ಎನ್‌ಬಿಎ ಮೊದಲ ತಂಡದಲ್ಲಿ, ಅಂದರೆ ಲೀಗಿನ ಅತ್ಯುತ್ತಮ ಐವರ ಪಟ್ಟಿಯಲ್ಲಿ, ಇದ್ದವರು. ಏಳೇ ತಿಂಗಳ ಹಿಂದೆ ತಂಡವನ್ನು ಫೈನಲ್‌ಗೆ ಕರೆದುಕೊಂಡು ಹೋಗಿದ್ದರು. ಡೇವಿಸ್‌ಗೆ 31, ಮಾರ್ಚ್‌ಗೆ 32. ತಮಾಷೆ ಏನು ಗೊತ್ತಾ, ವ್ಯಾಪಾರ ಮುಗಿದ ದಿನ ಇಬ್ಬರೂ ಗಾಯಾಳುಗಳು. ಲೂಕಾಗೆ ಕ್ರಿಸ್ಮಸ್ ದಿನದಿಂದ ಮೀನಖಂಡದ ನೋವು, ಡೇವಿಸ್‌ಗೆ ಹೊಟ್ಟೆಯ ಸ್ನಾಯು.

ಸುದ್ದಿ ಬಂದಾಗ ನಮಗೆ ಫೆಬ್ರವರಿ 2ರ ಭಾನುವಾರ, ಬೆಳಿಗ್ಗೆ ಹತ್ತೂವರೆ ದಾಟಿತ್ತು. ನಾನು ಮೂರನೇ ಇಡ್ಲಿಯಲ್ಲಿದ್ದೆ. ಸುದ್ದಿ ಹಾಕಿದ ವರದಿಗಾರ ಶಾಮ್ಸ್ ಚರಾನಿಯಾ ಅವರ ಖಾತೆಯನ್ನು ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಗ್ರೂಪಿನಲ್ಲಿ ನಾನೇ ಮೊದಲು ಹಾಕಿದ್ದು.

ನನ್ನ ಮಾತು ಇಷ್ಟು. ಲೂಕಾರನ್ನು ಕೊಟ್ಟಿದ್ದೇ ಮಹಾಪರಾಧ ಅಂತ ನಾನು ಹೇಳಲ್ಲ. ಒಬ್ಬನೇ ಗಿರಾಕಿಯನ್ನು ಕೇಳಿ, ಅವನು ಹೇಳಿದ ಬೆಲೆಗೆ ಹೂಂ ಅಂದದ್ದು ತಪ್ಪು. ನೀವು ಏನಂತೀರಿ?

ಹಳದಿ_ನೇರಳೆ:

ಲೇಕರ್ಸ್ ಅಭಿಮಾನಿಯಾಗಿ ಹೇಳ್ತೀನಿ: ಅತ್ಯುತ್ತಮ ವ್ಯಾಪಾರ. ಚರ್ಚೆ ಮುಗೀತು. ಎಲ್ಲರಿಗೂ ಧನ್ಯವಾದ.

ಪ್ಲೇನೋ_ಅಕ್ಕ:

ನಿಮಗೆ ನಗು, ನಮಗೆ ಸೂತಕ. ನಾವು ಇರುವುದು ಪ್ಲೇನೋದಲ್ಲಿ, ಡಲ್ಲಾಸ್ ಪಕ್ಕ. ಮಾರನೇ ದಿನ ಅರೀನಾ ಮುಂದೆ ಜನ ಶವಪೆಟ್ಟಿಗೆ ತಂದು ಇಟ್ಟಿದ್ದರು. ಡರ್ಕ್ ನೊವಿಟ್ಸ್ಕಿ ಪ್ರತಿಮೆ ಇದೆಯಲ್ಲ, ಅದರ ಹತ್ತಿರ. 21 ಸೀಸನ್ ಒಂದೇ ತಂಡಕ್ಕೆ ಆಡಿದ ಮನುಷ್ಯನ ಪ್ರತಿಮೆ ಅದು. ಈ ಊರಿನವರು ಲೂಕಾ ಕೂಡ ಹಾಗೇ ಇಲ್ಲೇ ಮುದುಕರಾಗ್ತಾರೆ ಅಂದುಕೊಂಡಿದ್ದರು.

ನನ್ನ ಮಗಳಿಗೆ ಹನ್ನೊಂದು. ಅವಳು ಎರಡು ದಿನ ಲೂಕಾರ 77ನೇ ನಂಬರಿನ ಜರ್ಸಿ ತೆಗೆಯಲೇ ಇಲ್ಲ. ತೊಳೆಯೋಕೂ ಕೊಡಲಿಲ್ಲ.

ಈಸಲಕಪ್_ನಮ್ದಾಯ್ತು:

ನಾನು ಕ್ರಿಕೆಟ್ ಕಡೆಯವನು, ಬೈಯ್ಯಬೇಡಿ. ಒಂದು ದಡ್ಡ ಪ್ರಶ್ನೆ. ಐಪಿಎಲ್‌ನಲ್ಲಿ 2023ರಲ್ಲಿ ಹಾರ್ದಿಕ್‌ರನ್ನು ಮುಂಬೈ ದುಡ್ಡು ಕೊಟ್ಟು ಗುಜರಾತ್‌ನಿಂದ ತಗೊಂಡಿತು. ಅದೇ ಹೊತ್ತಿಗೆ ಕ್ಯಾಮರನ್ ಗ್ರೀನ್‌ರನ್ನು ನಮ್ಮ ಆರ್‌ಸಿಬಿ 17.5 ಕೋಟಿಗೆ ತಗೊಂಡಿತು. ಬದಲಿಗೆ ಆಟಗಾರ ಯಾರೂ ಹೋಗಲಿಲ್ಲ. ಇಲ್ಲಿ ಯಾಕೆ ಇಷ್ಟೊಂದು ಪಿಕ್ಕು, ಮೂರನೇ ತಂಡ, ರಾಮಾಯಣ?

ಏಪ್ರನ್_ಗುಮಾಸ್ತ:

ದಡ್ಡ ಪ್ರಶ್ನೆ ಅಲ್ಲ ಸರ್, ಅದೇ ಮೂಲ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಳ್ಳಿ. ಪೂರ್ತಿ ಲೋಟ.

ಎನ್‌ಬಿಎಯಲ್ಲಿ ದುಡ್ಡು ಸುರಿದು ಆಟಗಾರನನ್ನು ಎತ್ತಿಕೊಂಡು ಬರೋಕೆ ಆಗಲ್ಲ. ಟ್ರೇಡ್‌ನಲ್ಲಿ (ಆಟಗಾರರ ಅದಲುಬದಲಿನಲ್ಲಿ) ನಗದು ಸೇರಿಸಬಹುದು, ಆದರೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ. ಸಂಬಳದ ಮಿತಿ ದಾಟಿದ ತಂಡ ಎಷ್ಟು ಸಂಬಳ ಒಳಗೆ ತರುತ್ತದೋ ಸುಮಾರಾಗಿ ಅಷ್ಟನ್ನು ಹೊರಗೂ ಕಳಿಸಬೇಕು. ಲೂಕಾ ಮತ್ತು ಡೇವಿಸ್ ಇಬ್ಬರದ್ದೂ ಆ ವರ್ಷ ಸುಮಾರು 43 ಮಿಲಿಯನ್ ಡಾಲರ್. ತಕ್ಕಡಿ ತಾನಾಗಿಯೇ ಸಮ ಆಯಿತು. ಈ ಸಮ ಆಗೋದು ಎಷ್ಟು ಅಪರೂಪ ಅಂದರೆ, ಹ್ಯಾರಿಸನ್ ಬೇರೆ ಬಾಗಿಲು ತಟ್ಟದೇ ಇರೋಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ.

ಇನ್ನು ಪಿಕ್. ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಸೋತವರಿಗೆ ಮುಂದಿನ ಸರದಿ ಸಿಗುವ ಸಾಧ್ಯತೆ ಜಾಸ್ತಿ. ಆ ಸರದಿಯನ್ನೇ ಮಾರಬಹುದು. ಏಳು ವರ್ಷ ಮುಂದಿನದನ್ನೂ ಮಾರಬಹುದು. ಆದರೆ ಮುಂದೆ ಬರುವ ಯಾವುದೇ ಎರಡು ವರ್ಷಗಳ ಮೊದಲ ಸುತ್ತನ್ನು ಬೆನ್ನುಬೆನ್ನಿಗೆ ಕಳೆದುಕೊಳ್ಳುವಂತಿಲ್ಲ. ಇದಕ್ಕೆ ಸ್ಟೆಪಿಯನ್ ನಿಯಮ ಅಂತಾರೆ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಸಿಕ್ಕ ಪಿಕ್‌ಗಳನ್ನೆಲ್ಲ ಹಂಚಿ ತಂಡವನ್ನೇ ಬರಿದು ಮಾಡಿದ್ದರು. ಅವರ ಹೆಸರು ಹೀಗೆ ಶಾಶ್ವತ ಆಯಿತು, ಪಾಪ.

ಬೆನ್ನುಬೆನ್ನಿಗೆ ಕೊಡೋಕೆ ಆಗದ ವರ್ಷಗಳಿಗೆ ಸ್ವಾಪ್ ಅಂತ ಇದೆ. ಇಬ್ಬರಿಗೂ ಎಲೆ ಹಾಕಿದ್ದಾರೆ ಅಂದುಕೊಳ್ಳಿ. ನಿಮ್ಮ ಎಲೆಯಲ್ಲಿ ಹೋಳಿಗೆ ದೊಡ್ಡದಿದ್ದರೆ ಎಲೆ ಬದಲಾಯಿಸಿಕೊಳ್ಳುವ ಹಕ್ಕು ನನ್ನದು. ನನ್ನದೇ ದೊಡ್ಡದಿದ್ದರೆ ಸುಮ್ನೆ ಊಟ ಮಾಡ್ತೀನಿ.

ಇನ್ನೊಂದು ವ್ಯತ್ಯಾಸ. ಐಪಿಎಲ್‌ನಲ್ಲಿ ಆಟಗಾರನ ಒಪ್ಪಿಗೆ ಬೇಕು. ಎನ್‌ಬಿಎಯಲ್ಲಿ ಕರಾರಿನಲ್ಲಿ ಬರೆಸಿಕೊಂಡ ಕೆಲವೇ ಕೆಲವರನ್ನು ಬಿಟ್ಟರೆ ಯಾರನ್ನೂ ಕೇಳಬೇಕಿಲ್ಲ. ಲೂಕಾಗೆ ಎಲ್ಲ ಮುಗಿದ ಮೇಲೆ ಫೋನ್ ಹೋಯಿತು.

ಈಸಲಕಪ್_ನಮ್ದಾಯ್ತು:

ಎಲೆ ಉದಾಹರಣೆಗೆ ಅಡ್ಡಬಿದ್ದೆ ಗುಮಾಸ್ತರೇ. ಈಗ ಅರ್ಥ ಆಯ್ತು. ಹಾಗಾದರೆ ಡಲ್ಲಾಸ್‌ಗೆ ಒಂದೇ ಒಂದು ಪಿಕ್? ಒಂದೇ?

ಗುಮ್ಮಟ_ಡಂಕ್:

ಅದೇ ರೀ. ಒಂದು! ಬೇರೆಯವರಿಗೆ ಎಷ್ಟು ಸಿಕ್ಕಿದೆ ನೋಡ್ರಿ.

2022ರಲ್ಲಿ ಯೂಟಾದ ರೂಡಿ ಗೋಬೇರ್‌ಗೋಸ್ಕರ ಮಿನ್ನೆಸೋಟ ಕೊಟ್ಟದ್ದು ನಾಲ್ಕು ಮೊದಲ ಸುತ್ತಿನ ಪಿಕ್, ಒಂದು ಸ್ವಾಪ್, ಮೇಲೆ ವಾಕರ್ ಕೆಸ್ಲರ್ ಸೇರಿ ಐದು ಮಂದಿ. 2024ರಲ್ಲಿ ಮಿಕಾಲ್ ಬ್ರಿಡ್ಜಸ್‌ಗೆ ನ್ಯೂಯಾರ್ಕ್ ಐದು ಮೊದಲ ಸುತ್ತು ಕೊಟ್ಟಿತು. ಒಂದು ಸಲವೂ ಆಲ್-ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆಗದ ಆಟಗಾರನಿಗೆ! ಲೂಕಾ ಹೋದ ನಾಲ್ಕು ತಿಂಗಳಿಗೆ ಡೆಸ್ಮಂಡ್ ಬೇನ್‌ಗೆ ಒರ್ಲ್ಯಾಂಡೊ ನಾಲ್ಕು ಕೊಟ್ಟಿತು. ಅವರೂ ಆಲ್-ಸ್ಟಾರ್ ಆದವರಲ್ಲ.

ಇವರೆಲ್ಲ ಒಳ್ಳೆ ಆಟಗಾರರೇ, ನಾನು ಇಲ್ಲ ಅನ್ನಲ್ಲ. ಆದರೆ ಲೂಕಾ 2023-24ರಲ್ಲಿ ಪಂದ್ಯಕ್ಕೆ 33.9 ಪಾಯಿಂಟ್ ಹಾಕಿ ಇಡೀ ಲೀಗ್‌ಗೆ ಮೊದಲಿಗರು. ಅವರಿಗೆ ಒಂದು ಪಿಕ್!

ಹಳದಿ_ನೇರಳೆ:

ಗುಮ್ಮಟಣ್ಣ, ಲೆಕ್ಕ ಹಾಗಲ್ಲ. ಗೋಬೇರ್ ಟ್ರೇಡ್‌ನಲ್ಲಿ ಯೂಟಾಗೆ ಡೇವಿಸ್‌ನಂಥವರು ಸಿಗಲಿಲ್ಲ. 2024-25ರಲ್ಲಿ ಡೇವಿಸ್ ನಮಗೆ ಪಂದ್ಯಕ್ಕೆ 25.7 ಪಾಯಿಂಟ್, 11.9 ರೀಬೌಂಡ್ ಕೊಡ್ತಿದ್ದರು. ಮೇಲೆ ರಕ್ಷಣೆ. 2020ರ ಚಾಂಪಿಯನ್. ನಿಮ್ಮ ಕೈಗೆ ಹತ್ತು ಪಿಕ್ ಕೊಟ್ಟರೆ ಅದರಲ್ಲಿ ಒಬ್ಬ ಡೇವಿಸ್ ಹುಟ್ತಾನೆ ಅಂತ ಗ್ಯಾರಂಟಿ ಇದೆಯಾ?

ಆರೂವರೆ_ಅಲಾರಂ:

ನ್ಯಾಯವಾದ ಮಾತು. ಆದರೆ ಅದೇ ಡೇವಿಸ್‌ರನ್ನು 2019ರಲ್ಲಿ ನಿಮ್ಮವರು ನ್ಯೂ ಆರ್ಲಿಯನ್ಸ್‌ನಿಂದ ಎಷ್ಟಕ್ಕೆ ತಂದರು? ಲೊಂಜೊ ಬಾಲ್, ಬ್ರ್ಯಾಂಡನ್ ಇಂಗ್ರಂ, ಜಾಶ್ ಹಾರ್ಟ್, ಆ ವರ್ಷದ ನಾಲ್ಕನೇ ಪಿಕ್, ಅದರ ಮೇಲೆ ಇನ್ನೂ ಮೊದಲ ಸುತ್ತುಗಳು, ಸ್ವಾಪ್. ಆಗ ಅವರಿಗೆ 26. ಲೇಕರ್ಸ್‌ಗೇ ಕೊಡಿ ಅಂತ ಅವರ ಕಡೆಯವರು ಬಹಿರಂಗವಾಗಿ ಹಟ ಹಿಡಿದಿದ್ದರು. ನ್ಯೂ ಆರ್ಲಿಯನ್ಸ್‌ಗೆ ಚೌಕಾಸಿಗೆ ಜಾಗವೇ ಇರಲಿಲ್ಲ. ಆದರೂ ಅಷ್ಟು ಕಿತ್ತುಕೊಂಡರು.

ಲೂಕಾ ಟ್ರೇಡ್ ಕೇಳಿರಲೇ ಇಲ್ಲ. ಅಂದರೆ ಮಾರುವವನಿಗೆ ಯಾವ ಅವಸರವೂ ಇರಲಿಲ್ಲ. ಅವಸರ ಇಲ್ಲದವನು ಕಮ್ಮಿಗೆ ಕೊಟ್ಟ. ಇದು ನನಗೆ ಇವತ್ತಿಗೂ ಅರ್ಥ ಆಗಲ್ಲ.

ಘಾಟಿ_ದಳ್ಳಾಳಿ:

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ದಳ್ಳಾಳಿ. ಬಾಸ್ಕೆಟ್‌ಬಾಲ್ ನಾನು ಹಾಸ್ಟೆಲ್‌ನ ಸಿಮೆಂಟ್ ಅಂಗಳದಲ್ಲಿ ಕಲಿತದ್ದು, ವ್ಯಾಪಾರ ತಾತನ ಹತ್ತಿರ ಕಲಿತದ್ದು. ಎರಡೂ ಸೇರಿಸಿ ಹೇಳ್ತೀನಿ.

ಜಾತ್ರೆಯಲ್ಲಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಎರಡು ಹಲ್ಲಿನ ಹೋರಿ ಅಂದರೆ ಮುಂದೆ ಬೆಳೆಯೋದು. ಬಾಯಿಗೂಡಿದ ಎತ್ತು ಅಂದರೆ ಇವತ್ತೇ ನೊಗಕ್ಕೆ ಕಟ್ಟಬಹುದು, ಆದರೆ ಇನ್ನೆಷ್ಟು ವರ್ಷ ಅನ್ನೋದು ದೇವರಿಗೇ ಗೊತ್ತು. ಇವತ್ತೇ ಉಳಬೇಕಾದವನು ಬಾಯಿಗೂಡಿದ್ದನ್ನು ತಗೊಳ್ಳೋದು ತಪ್ಪಲ್ಲ. ಹ್ಯಾರಿಸನ್ ಹೇಳಿದ್ದೂ ಅದನ್ನೇ: ರಕ್ಷಣೆಯಿಂದ ಚಾಂಪಿಯನ್‌ಶಿಪ್ ಬರುತ್ತೆ, ನಮಗೆ ಈಗ ಗೆಲ್ಲಬೇಕು.

ಆಮೇಲೆ ಬೆಲೆ. ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ಹೇಳ್ತಾರೆ. ಪಕ್ಕದವನಿಗೂ ಗೊತ್ತಾಗಲ್ಲ. ಹ್ಯಾರಿಸನ್ ಗುಟ್ಟಾಗಿ ಮಾಡಿದರು ಅಂತ ಎಲ್ಲರೂ ಬೈತಾರಲ್ಲ, ನನಗೆ ಗುಟ್ಟು ತಪ್ಪು ಅನ್ನಿಸಲ್ಲ. ನಮ್ಮ ಜಾತ್ರೆ ನಡೆಯೋದೇ ಗುಟ್ಟಿನಲ್ಲಿ. ಆದರೆ ತಾತ ಒಂದೇ ಟವೆಲ್ ಕೆಳಗೆ ಕೈ ಹಾಕಿ ಎದ್ದು ಬಂದದ್ದನ್ನು ನಾನು ನೋಡಿಲ್ಲ. ನಾಲ್ಕು ಟವೆಲ್ ಕೆಳಗೆ ನಾಲ್ಕು ಜನರ ಬೆರಳು ಹಿಡಿದ ಮೇಲೆ ಬಾಯಿ ಬಿಡೋರು. ಗುಟ್ಟು ಬೇರೆ, ಒಬ್ಬನೇ ಗಿರಾಕಿ ಬೇರೆ.

ಆರೂವರೆ_ಅಲಾರಂ:

ನಾನು ಅರ್ಧ ಪುಟ ಬರೆದು ಹೇಳೋಕಾಗದ್ದನ್ನು ನಿಮ್ಮ ತಾತ ಹೇಳಿಬಿಟ್ಟರು.

ಪ್ಲೇನೋ_ಅಕ್ಕ:

ಟವೆಲ್ ಅಂದಾಗ ನೆನಪಾಯಿತು. ಏಪ್ರಿಲ್ 9ಕ್ಕೆ ಲೂಕಾ ಲೇಕರ್ಸ್ ಜೊತೆ ಮೊದಲ ಸಲ ವಾಪಸ್ ಬಂದರು. ನಾವು ಟಿಕೆಟ್‌ಗೆ ಕೊಟ್ಟ ದುಡ್ಡನ್ನು ಅತ್ತೆಗೆ ಇನ್ನೂ ಹೇಳಿಲ್ಲ. ಪ್ರತಿ ಸೀಟಿನ ಮೇಲೂ ಒಂದು ಟಿ-ಶರ್ಟ್ ಇತ್ತು, ಸ್ಲೊವೇನಿಯಾ ಭಾಷೆಯಲ್ಲಿ ಬರೆದದ್ದು. "ಎಲ್ಲದಕ್ಕೂ ಥ್ಯಾಂಕ್ಸ್" ಅಂತ ಅರ್ಥವಂತೆ. ಪಂದ್ಯಕ್ಕೆ ಮುಂಚೆ ಅವರ ವಿಡಿಯೋ ಹಾಕಿದರು. ಅವರು ಬೆಂಚಿನಲ್ಲಿ ಕೂತು ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಎದ್ದು 45 ಪಾಯಿಂಟ್ ಹಾಕಿದರು, ನಮ್ಮ ಮೇಲೆ. ನಮ್ಮವರೇ ಚಪ್ಪಾಳೆ ತಟ್ಟಿದರು. ನನ್ನ ಗಂಡ ಕೂಡ. ಹದಿನೈದು ವರ್ಷದಲ್ಲಿ ಆ ಮನುಷ್ಯ ಎದುರು ತಂಡಕ್ಕೆ ಚಪ್ಪಾಳೆ ತಟ್ಟಿದ್ದು ನಾನು ಕಂಡಿರಲಿಲ್ಲ.

ಅದಕ್ಕೇ ಹೇಳೋದು, ನಿಮ್ಮ ತಕ್ಕಡಿಯಲ್ಲಿ ಇದಕ್ಕೆ ಕಲ್ಲು ಇಲ್ಲ.

ಏಪ್ರನ್_ಗುಮಾಸ್ತ:

ಅಕ್ಕಾ, ಒಪ್ಪಿದೆ. ಆದರೂ ನನ್ನ ಕೆಲಸ ಕಲ್ಲು ಹುಡುಕೋದು. ಡಲ್ಲಾಸ್ ಕಡೆಯ ವಾದವನ್ನು ಸರಿಯಾಗಿ ಇಟ್ಟು ನೋಡೋಣ, ಯಾಕಂದರೆ ಅದು ಪೂರ್ತಿ ಹುಚ್ಚುತನ ಅಲ್ಲ.

ಲೂಕಾಗೆ 2025ರ ಬೇಸಿಗೆಯಲ್ಲಿ ಸೂಪರ್‌ಮ್ಯಾಕ್ಸ್ (ನಿಯಮದಲ್ಲಿ ಸಿಗುವ ಅತಿ ದೊಡ್ಡ ಸಂಬಳದ) ಕರಾರು ಬರಬೇಕಿತ್ತು. ಐದು ವರ್ಷಕ್ಕೆ ಸುಮಾರು 345 ಮಿಲಿಯನ್ ಡಾಲರ್. ತಂಡದ ಸಂಬಳ ಮಿತಿಯ 35 ಶೇಕಡಾದಿಂದ ಶುರು. ಅಷ್ಟು ದುಡ್ಡನ್ನು ಒಬ್ಬರ ಮೇಲೆ ಇಟ್ಟು, ಅವರ ಕಾಲು ಕೈಕೊಟ್ಟರೆ ತಂಡ ಐದು ವರ್ಷ ಮೇಲೇಳಲ್ಲ. ಫಿಟ್‌ನೆಸ್ ವಿಷಯದಲ್ಲಿ ತಂಡಕ್ಕೆ ಅಸಮಾಧಾನ ಇತ್ತು ಅಂತ ಆಗಲೇ ವರದಿಯಾಗಿತ್ತು. 2024-25ರಲ್ಲಿ ಡಲ್ಲಾಸ್‌ಗೆ ಅವರು ಆಡಿದ್ದು 22 ಪಂದ್ಯ. 2024ರ ಫೈನಲ್‌ನಲ್ಲಿ ಬಾಸ್ಟನ್ ಅವರನ್ನೇ ಹುಡುಕಿ ಹುಡುಕಿ ದಾಳಿ ಮಾಡಿತು. ಮೂರನೇ ಪಂದ್ಯದಲ್ಲಿ ಆರು ಫೌಲ್ ಆಗಿ ಹೊರಗೆ ಕೂತರು. ಸರಣಿ 4-1ಕ್ಕೆ ಬಾಸ್ಟನ್ ಪಾಲಾಯಿತು.

ಇನ್ನೊಂದು ಕಡೆ ನೋಡಿ. ಡಲ್ಲಾಸ್‌ನ ಸ್ವಂತ ಪಿಕ್‌ಗಳು 2027ರಿಂದ 2030ರವರೆಗೆ ಅವರ ಹಿಡಿತದಲ್ಲೇ ಇಲ್ಲ. ಒಂದು ಕೈರಿ ಅರ್ವಿಂಗ್‌ರನ್ನು ತರೋಕೆ ಹೋಯಿತು, ಒಂದು ಪಿ.ಜೆ. ವಾಷಿಂಗ್ಟನ್‌ರನ್ನು ತರೋಕೆ, ಉಳಿದ ಎರಡು ವರ್ಷ ಸ್ವಾಪ್‌ನಲ್ಲಿ. ಅಂದರೆ ಸೋತು ಸರದಿಯಲ್ಲಿ ಮುಂದೆ ಬರುವ ದಾರಿ ಮುಚ್ಚಿದೆ. ಸೋತರೂ ಲಾಭ ಬೇರೆಯವರಿಗೆ. ಹಾಗಿರುವಾಗ ಈಗಲೇ ಗೆಲ್ಲಿಸುವ ಆಟಗಾರ ಬೇಕು ಅನ್ನೋದು ತರ್ಕವೇ.

ಗುಮ್ಮಟ_ಡಂಕ್:

ಗುಮಾಸ್ತರೇ, ಅದೇ ತರ್ಕ ತಿರುಗಿಸಿ ನೋಡ್ರಿ. ಸ್ವಂತ ಪಿಕ್ ಇಲ್ಲದವನಿಗೆ ಬೇರೆಯವರ ಪಿಕ್ ಇನ್ನೂ ಜಾಸ್ತಿ ಬೇಕಲ್ವಾ? ಮನೆ ಬಾವಿ ಬತ್ತಿದವನು ಟ್ಯಾಂಕರ್‌ನವನ ಹತ್ತಿರ ಒಂದು ಕೊಡ ಸಾಕು ಅಂತಾನಾ?

ಲೇಕರ್ಸ್ ಹತ್ತಿರ ಆಗ ಕೊಡೋಕೆ 2029 ಮತ್ತು 2031 ಎರಡೂ ಇದ್ದವು. ಬೇರೆ ವರ್ಷದ ಸ್ವಾಪ್‌ಗಳೂ ಇದ್ದವು. ಆಸ್ಟಿನ್ ರೀವ್ಸ್ ಇದ್ದರು. ಡಾಲ್ಟನ್ ಕನೆಕ್ಟ್ ಇದ್ದರು. ಡಲ್ಲಾಸ್ ತಗೊಂಡದ್ದು 2029 ಮಾತ್ರ. ಉಳಿದದ್ದನ್ನು ಲೇಕರ್ಸ್ ಏನು ಮಾಡಿತು ಗೊತ್ತಲ್ಲ? ಒಂದು ವಾರ ಕೂಡ ಆಗಿರಲಿಲ್ಲ. ಷಾರ್ಲೆಟ್‌ನ ಮಾರ್ಕ್ ವಿಲಿಯಮ್ಸ್‌ಗೋಸ್ಕರ 2031ರ ಪಿಕ್, 2030ರ ಸ್ವಾಪ್, ಕನೆಕ್ಟ್, ಕ್ಯಾಮ್ ರೆಡ್ಡಿಶ್ ಎಲ್ಲ ಒಟ್ಟಿಗೆ ಮೇಜಿನ ಮೇಲೆ ಇಟ್ಟರು! ವೈದ್ಯಕೀಯ ಪರೀಕ್ಷೆ ನೋಡಿ ಲೇಕರ್ಸ್‌ನವರೇ ಆ ವ್ಯಾಪಾರ ರದ್ದು ಮಾಡಿದರು, ಅದು ಬೇರೆ ಮಾತು.

ಅಂದರೆ ಒಬ್ಬ ಸೆಂಟರ್‌ಗೆ ಕೊಡೋಕೆ ತಯಾರಿದ್ದದ್ದನ್ನು ಲೂಕಾಗೆ ಕೊಡ್ತಿರಲಿಲ್ಲವಾ? ಕೇಳಿದ್ದರೆ ಕೊಡ್ತಿದ್ದರು. ಕೇಳಲೇ ಇಲ್ಲವೋ, ಕೇಳಿ ಬಿಟ್ಟರೋ. ಎರಡರಲ್ಲಿ ಯಾವುದಾದರೂ ನನಗೆ ಹೊಟ್ಟೆ ಉರಿಯುತ್ತೆ.

ಹಳದಿ_ನೇರಳೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮಾರ್ಕ್ ವಿಲಿಯಮ್ಸ್ ಸುದ್ದಿ ಓದಿದ ದಿನ ನಾನೂ ಮನಸ್ಸಲ್ಲೇ "ಅಯ್ಯೋ, ಇದೆಲ್ಲ ಇನ್ನೂ ನಮ್ಮ ಹತ್ತಿರವೇ ಇದೆಯಾ" ಅಂದುಕೊಂಡಿದ್ದೆ.

ಈಸಲಕಪ್_ನಮ್ದಾಯ್ತು:

ನಾಲ್ಕು ಜನರನ್ನು ಕೇಳಬೇಕಿತ್ತು ಅಂತೀರಿ. ಕೇಳಿದ್ದರೆ ಸುದ್ದಿ ಸೋರುತ್ತಿರಲಿಲ್ಲವಾ? ಲೂಕಾ ಸಿಟ್ಟಾಗಿ "ನಾನು ಅಲ್ಲಿಗೆ ಮಾತ್ರ ಹೋಗ್ತೀನಿ" ಅಂದರೆ ಬೆಲೆ ಇನ್ನೂ ಬೀಳುತ್ತಿತ್ತಲ್ಲ.

ಏಪ್ರನ್_ಗುಮಾಸ್ತ:

ಒಳ್ಳೆ ಪ್ರಶ್ನೆ. ಹ್ಯಾರಿಸನ್ ಪರವಾಗಿ ಇರುವ ಗಟ್ಟಿ ವಾದ ಇದೊಂದೇ. 2026ಕ್ಕೆ ಲೂಕಾ ಬೇಕಿದ್ದರೆ ಕರಾರಿನಿಂದ ಹೊರಬರಬಹುದಿತ್ತು. ಕೊಳ್ಳುವವರಿಗೂ ಆ ಭಯ ಇರುತ್ತಿತ್ತು.

ಆದರೆ ಅಂಥ ಸ್ಥಿತಿಯಲ್ಲಿ ಕಾದವರ ಕಥೆ ಇದೆ. 2023ರ ಜುಲೈ 1ಕ್ಕೆ ಡೇಮಿಯನ್ ಲಿಲರ್ಡ್ ಪೋರ್ಟ್‌ಲ್ಯಾಂಡ್‌ಗೆ ಟ್ರೇಡ್ ಕೇಳಿದರು. ಮಯಾಮಿ ಬಿಟ್ಟು ಬೇರೆಲ್ಲೂ ಬೇಡ ಅಂತ ಅವರ ಕಡೆಯಿಂದ ಸಾರಿಬಿಟ್ಟರು. ವಯಸ್ಸೂ 33ಕ್ಕೆ ಬಂದಿತ್ತು. ಮಾರುವವನಿಗೆ ಇದಕ್ಕಿಂತ ಕೆಟ್ಟ ಗ್ರಹಚಾರ ಇಲ್ಲ. ಪೋರ್ಟ್‌ಲ್ಯಾಂಡ್‌ನ ಜನರಲ್ ಮ್ಯಾನೇಜರ್ ಜೋ ಕ್ರೋನಿನ್ ಮೂರು ತಿಂಗಳು ಜಗ್ಗಲಿಲ್ಲ. ಸೆಪ್ಟೆಂಬರ್ ಕೊನೆಗೆ ಮಿಲ್ವಾಕಿಗೆ ಕೊಟ್ಟರು. ಡಿಆಂಡ್ರೆ ಏಟನ್, ಜ್ರೂ ಹಾಲಿಡೇ, 2029ರ ಮಿಲ್ವಾಕಿ ಪಿಕ್, ಎರಡು ಸ್ವಾಪ್ ಬಂತು. ಹಾಲಿಡೇ ಅವರನ್ನು ಕೆಲವೇ ದಿನದಲ್ಲಿ ಬಾಸ್ಟನ್‌ಗೆ ದಾಟಿಸಿ ಇನ್ನೂ ಎರಡು ಮೊದಲ ಸುತ್ತು, ಇಬ್ಬರು ಆಟಗಾರರನ್ನು ತಂದರು.

ಇದರ ಬಾಲ ಇನ್ನೂ ಚೆನ್ನಾಗಿದೆ. 2025ರಲ್ಲಿ ಮಿಲ್ವಾಕಿ ಲಿಲರ್ಡ್‌ರನ್ನು ಬಿಟ್ಟಿತು. ಅವರು ಎಲ್ಲಿಗೆ ಹೋದರು? ವಾಪಸ್ ಪೋರ್ಟ್‌ಲ್ಯಾಂಡ್‌ಗೆ. ಎತ್ತು ಮಾರಿದ ದುಡ್ಡೂ ಕೈಯಲ್ಲಿ, ಎತ್ತೂ ಕೊಟ್ಟಿಗೆಯಲ್ಲಿ.

ಘಾಟಿ_ದಳ್ಳಾಳಿ:

ಕೊನೆ ಸಾಲಿಗೆ ನಮ್ಮ ತಾತ ಎದ್ದು ಬಂದು ಕೈ ಕುಲುಕುತ್ತಿದ್ದರು.

ಗುಮ್ಮಟ_ಡಂಕ್:

ಸ್ಟಾರ್‌ನ ಕೊಟ್ಟು ಬದುಕಿದವರು ಇದ್ದಾರೆ, ಅದನ್ನೂ ಹೇಳಬೇಕು. ಒಕ್ಲಹೋಮ ಸಿಟಿ. 2019ರಲ್ಲಿ ಪಾಲ್ ಜಾರ್ಜ್‌ರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು ಐದು ಮೊದಲ ಸುತ್ತು, ಎರಡು ಸ್ವಾಪ್, ಗಲಿನಾರಿ, ಮತ್ತು ಇನ್ನೂ ಇಪ್ಪತ್ತೊಂದು ತುಂಬದ ಹುಡುಗ ಶೇ ಗಿಲ್ಜಸ್-ಅಲೆಕ್ಸಾಂಡರ್. ಆ ಪಿಕ್‌ಗಳಲ್ಲಿ ಒಂದು 2022ರಲ್ಲಿ ಜೇಲನ್ ವಿಲಿಯಮ್ಸ್ ಆಯಿತು. 2025ರ ಜೂನ್‌ನಲ್ಲಿ ಏಳನೇ ಪಂದ್ಯದಲ್ಲಿ ಇಂಡಿಯಾನಾನ ಸೋಲಿಸಿ ಚಾಂಪಿಯನ್. ಶೇ ಅದೇ ವರ್ಷ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ), ಫೈನಲ್ ಎಂವಿಪಿ ಎರಡೂ.

ಇಲ್ಲಿ ಗುಟ್ಟು ಏನು? ಕವಾಯ್ ಲೆನರ್ಡ್ ಕ್ಲಿಪ್ಪರ್ಸ್‌ಗೆ ಬರ್ತೀನಿ, ಆದರೆ ಜಾರ್ಜ್‌ನ ತಂದರೆ ಮಾತ್ರ ಅಂದಿದ್ದರು. ಅಂದರೆ ಕೊಳ್ಳುವವನು ಒಬ್ಬ ಸ್ಟಾರ್‌ಗೆ ಅಲ್ಲ, ಇಬ್ಬರು ಸ್ಟಾರ್‌ಗೆ ಬೆಲೆ ಕಟ್ಟುತ್ತಿದ್ದ. ಒಕ್ಲಹೋಮ ತಂಡದ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿಗೆ ಅದು ಗೊತ್ತಿತ್ತು. ಎದುರಿನವನ ಹಸಿವು ಎಷ್ಟು ಅಂತ ನೋಡಿ ಬೆಲೆ ಹೇಳಿದರು.

ಲೇಕರ್ಸ್‌ಗೆ ಹಸಿವು ಇರಲಿಲ್ಲವಾ? ಲೆಬ್ರಾನ್‌ಗೆ 40 ಆಗಿತ್ತು! ಅವರ ನಂತರ ಯಾರು ಅನ್ನೋ ಪ್ರಶ್ನೆ ಮನೆ ಬಾಗಿಲಿಗೆ ಬಂದು ನಿಂತಿತ್ತು. 25 ವರ್ಷದ ಉತ್ತರವನ್ನು ಡಲ್ಲಾಸ್ ಅವರ ಮನೆಗೆ ತಲುಪಿಸಿತು, ಡೆಲಿವರಿ ಚಾರ್ಜ್ ಕೂಡ ಇಲ್ಲದೆ.

ಹಳದಿ_ನೇರಳೆ:

ಅದೇ ಪ್ರೆಸ್ಟಿ 2012ರಲ್ಲಿ ಜೇಮ್ಸ್ ಹಾರ್ಡನ್‌ರನ್ನು ಹ್ಯೂಸ್ಟನ್‌ಗೆ ಕೊಟ್ಟದ್ದನ್ನೂ ಹೇಳಿ. ಕೆವಿನ್ ಮಾರ್ಟಿನ್, ಜೆರೆಮಿ ಲ್ಯಾಂಬ್, ಎರಡು ಮೊದಲ ಸುತ್ತು. ಒಂದರಲ್ಲಿ ಸ್ಟೀವನ್ ಆಡಮ್ಸ್ ಬಂದರು, ಸರಿ. ಹಾರ್ಡನ್ ಹೋಗಿ ಎಂವಿಪಿ ಆದರು. ಕರಾರಿನಲ್ಲಿ ಎಳೆದಾಡಿದ ಮೊತ್ತ ಕೆಲವೇ ಮಿಲಿಯನ್ ಅಷ್ಟೇ. ದೊಡ್ಡ ಜಾಣರೂ ಒಂದು ಸಲ ಎಡವಿದವರೇ.

ಮತ್ತೆ ಟೊರೊಂಟೊ. 2018ರಲ್ಲಿ ಊರಿನ ಕಣ್ಮಣಿ ಡಿರೋಜನ್‌ರನ್ನು ಕೊಟ್ಟು ಗಾಯಾಳು ಕವಾಯ್‌ನ ತಂದರು. ಜನ ಅತ್ತರು. 2019ರಲ್ಲಿ ಕಪ್ ಬಂತು. ಕವಾಯ್ ಒಂದೇ ವರ್ಷಕ್ಕೆ ಬಿಟ್ಟು ಹೋದರು. ಯಾರಾದರೂ ಬೈದರಾ?

ಆರೂವರೆ_ಅಲಾರಂ:

ಟೊರೊಂಟೊ ಉದಾಹರಣೆ ನಿಮ್ಮ ವಾದಕ್ಕೆ ಉಲ್ಟಾ ಹೊಡೆಯುತ್ತೆ. ಅವರು ಕೊಟ್ಟದ್ದಕ್ಕಿಂತ ದೊಡ್ಡ ಆಟಗಾರನನ್ನು ತಂದರು. ಡಲ್ಲಾಸ್ ದೊಡ್ಡವನನ್ನು ಕೊಟ್ಟು ಸಣ್ಣವನನ್ನು ತಂದಿತು. ಸಣ್ಣವನು ಅಂದರೆ ಡೇವಿಸ್‌ಗೆ ಅವಮಾನ ಅಲ್ಲ. ಲೂಕಾ ಪಕ್ಕ ನಿಂತರೆ ಲೀಗಿನಲ್ಲಿ ಮೂರ್ನಾಲ್ಕು ಜನ ಬಿಟ್ಟು ಎಲ್ಲರೂ ಸಣ್ಣವರೇ.

ಆಮೇಲೆ ಏನಾಯಿತು ನೋಡಿ. ಡಲ್ಲಾಸ್ ಪರ ಡೇವಿಸ್ ಮೊದಲ ಪಂದ್ಯ, ಫೆಬ್ರವರಿ 8. 26 ಪಾಯಿಂಟ್, 16 ರೀಬೌಂಡ್, 7 ಅಸಿಸ್ಟ್. ಸ್ವರ್ಗ ಮೂರೇ ಗೇಣು. ಮೂರನೇ ಕ್ವಾರ್ಟರ್‌ನಲ್ಲಿ ತೊಡೆಸಂದಿನ ಸ್ನಾಯು ಕೈಕೊಟ್ಟಿತು. ಮಾರ್ಚ್ 3ಕ್ಕೆ ಕೈರಿಗೆ ಮೊಣಕಾಲಿನ ಎಸಿಎಲ್ ಹರಿಯಿತು. ಸೀಸನ್ 39 ಗೆಲುವು, 43 ಸೋಲಿಗೆ ಮುಗಿಯಿತು. ಲೂಕಾಗೆ ಗಾಯ ಆಗುತ್ತೆ ಅಂತ ಹೆದರಿ ಡೇವಿಸ್‌ರನ್ನು ತಂದವರ ಕಥೆ ಇದು.

ಈಸಲಕಪ್_ನಮ್ದಾಯ್ತು:

ಆದರೆ ಅದೇ ಸೋಲಿನಿಂದ ತಾನೇ ಆ ಹೊಸ ಹುಡುಗ ಸಿಕ್ಕಿದ್ದು? ಫ್ಲ್ಯಾಗ್?

ಹಳದಿ_ನೇರಳೆ:

ಹೌದು! ಎಲ್ಲರೂ ಇದನ್ನು ಮರೆತು ಮಾತಾಡ್ತಿದ್ದೀರಿ. ಡ್ರಾಫ್ಟ್‌ನ ಮೊದಲ ಸರದಿ ಯಾರಿಗೆ ಅಂತ ಸೋತ ತಂಡಗಳ ನಡುವೆ ಎತ್ತುವ ಲಾಟರಿ. 1.8 ಶೇಕಡಾ ಅವಕಾಶ, ಲಾಟರಿ ಹೊಡೆಯಿತು, ಕೂಪರ್ ಫ್ಲ್ಯಾಗ್ ಬಂದರು. ಲೂಕಾ ಇದ್ದಿದ್ದರೆ ಲಾಟರಿಯ ಹತ್ತಿರವೂ ಬರ್ತಿರಲಿಲ್ಲ. ಹಾಗಾಗಿ ನಿಜವಾದ ಲೆಕ್ಕ: ಲೂಕಾ ಕೊಟ್ಟು ಡೇವಿಸ್, ಕ್ರಿಸ್ಟಿ, ಪಿಕ್, ಫ್ಲ್ಯಾಗ್.

ಘಾಟಿ_ದಳ್ಳಾಳಿ:

ಹಸು ಮಾರಿ ಬರುವಾಗ ದಾರಿಯಲ್ಲಿ ಚಿನ್ನದ ಉಂಗುರ ಸಿಕ್ಕಿದರೆ ಅದನ್ನು ಹಸುವಿನ ಬೆಲೆಗೆ ಸೇರಿಸ್ತೀರಾ? ದೇವಸ್ಥಾನದ ಹುಂಡಿಗೆ ಸ್ವಲ್ಪ ಹಾಕಿ ಸುಮ್ನಿರಬೇಕು.

ಏಪ್ರನ್_ಗುಮಾಸ್ತ:

100 ಸಲ ಲಾಟರಿ ಎತ್ತಿದರೆ 98 ಸಲ ಆ ಹುಡುಗ ಬೇರೆಯವರಿಗೆ. ಅಷ್ಟು ಸಾಕು.

ಪ್ಲೇನೋ_ಅಕ್ಕ:

ಮಗಳ ಹತ್ತಿರ ಈಗ 32 ನಂಬರಿನ ಫ್ಲ್ಯಾಗ್ ಜರ್ಸಿಯೂ ಇದೆ. 77 ಇನ್ನೂ ಕಪಾಟಿನಲ್ಲಿದೆ. ಕೊಡೋಣವಾ ಅಂದರೆ ಕಣ್ಣು ಕೆಂಪು ಮಾಡ್ತಾಳೆ. ಲೂಕಾ 2025-26 ಸೀಸನ್ ಮೊದಲ ಎರಡು ಪಂದ್ಯದಲ್ಲಿ 43, 49 ಹಾಕಿದರಲ್ಲ, ಮಾರನೇ ದಿನ ಸ್ಕೂಲಿನಿಂದ ಬಂದವಳು ಮಾತೇ ಆಡಲಿಲ್ಲ. ಸಣಕಲು ಕೂಡ ಆಗಿದ್ದಾರೆ ನೋಡಿ ಈಗ. ಆಗ ದಪ್ಪ ದಪ್ಪ ಅಂತಿದ್ದವರು ಎಲ್ಲಿ?

ಹಳದಿ_ನೇರಳೆ:

ಆಗಸ್ಟ್‌ನಲ್ಲಿ ನಮ್ಮ ಜೊತೆ ಮೂರು ವರ್ಷಕ್ಕೆ 165 ಮಿಲಿಯನ್ ಕರಾರಿಗೂ ಸಹಿ ಹಾಕಿದರು ಅಕ್ಕ. ಉಪ್ಪು ಸವರಬೇಕು ಅಂತಲ್ಲ, ಮಾಹಿತಿಗೆ.

ಪ್ಲೇನೋ_ಅಕ್ಕ:

ಉಪ್ಪೇ ಅದು.

ಆರೂವರೆ_ಅಲಾರಂ:

ಸರಿ, ಎಲ್ಲರಿಗೂ ಒಂದು ಕೆಲಸ. ನೀವು ಕುರ್ಚಿಯಲ್ಲಿದ್ದೀರಿ. ಲೂಕಾರನ್ನು ಕೊಡಲೇಬೇಕು ಅಂತ ಮಾಲೀಕರು ಒಪ್ಪಿದ್ದಾರೆ ಅಂದುಕೊಳ್ಳಿ. ಪೆಲಿಂಕಾಗೆ ಏನು ಹೇಳ್ತೀರಿ? ಭಾವನೆ ಬೇಡ, ಬೆಲೆ ಹೇಳಿ.

ನಂದು: ಡೇವಿಸ್, ರೀವ್ಸ್, 2029, 2031, ನಡುವಿನ ಸ್ವಾಪ್. ಇಲ್ಲ ಅಂದರೆ ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದು, ಬೇರೆ ತಂಡಗಳಿಗೆ ಫೋನ್.

ಗುಮ್ಮಟ_ಡಂಕ್:

ನಾನು ಡೇವಿಸ್‌ರನ್ನೇ ಕೇಳಲ್ಲ. ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ, ಒಕ್ಲಹೋಮ ಮೂವರಿಗೂ ಫೋನ್. ಪಿಕ್ ಗುಡ್ಡೆ ಹಾಕಿಕೊಂಡವರು ಅವರೇ. ಪಕ್ಕದ ಊರಿನವರಿಗೆ ಕೊಟ್ಟರೆ ವರ್ಷಕ್ಕೆ ನಾಲ್ಕು ಸಲ ನಮ್ಮನ್ನೇ ಹೊಡೀತಾರೆ, ಗೊತ್ತು. ಆದರೂ ಬೆಲೆ ಏರಿಸೋಕಾದರೂ ಫೋನ್ ಮಾಡಬೇಕು.

ಏಪ್ರನ್_ಗುಮಾಸ್ತ:

ಒಕ್ಲಹೋಮ, ಸ್ಯಾನ್ ಆಂಟೋನಿಯೊಗೆ ಕೇಳಿದರೆ ನಮ್ಮದೇ ಸ್ವಾಪ್ ಹಕ್ಕನ್ನು ಮೊದಲು ವಾಪಸ್ ಕೇಳಬೇಕು. 2028ರದ್ದು ಒಕ್ಲಹೋಮ ಹತ್ತಿರ, 2030ರದ್ದು ಸ್ಯಾನ್ ಆಂಟೋನಿಯೊ ಹತ್ತಿರ. ಹೊಸ ಪಿಕ್‌ಗಿಂತ ಅಡವಿಟ್ಟ ಒಡವೆ ಬಿಡಿಸಿಕೊಳ್ಳೋದು ಮುಖ್ಯ. ಹ್ಯೂಸ್ಟನ್ ಹತ್ತಿರ ನಮ್ಮ 2029 ಇದೆ. ಗುಮ್ಮಟದವರು ಹೆಸರಿಸಿದ ಮೂರು ತಂಡದ ಕೈಯಲ್ಲೂ ನಮ್ಮ ಒಡವೆ ಇದೆ ನೋಡಿ. ಬರೆಯೋವರೆಗೂ ನನಗೇ ಹೊಳೆದಿರಲಿಲ್ಲ.

ಗುಮ್ಮಟ_ಡಂಕ್:

ನಾನು ಬೇಕಂತಲೇ ಹೇಳಿದ್ದು ಅಂತ ದಯವಿಟ್ಟು ಎಲ್ಲರೂ ನಂಬಿ.

ಆರೂವರೆ_ಅಲಾರಂ:

ಇದು ಪಾಯಿಂಟ್. ನನ್ನ ಬೆಲೆ ಬದಲಾಯಿಸಿದೆ. ಲೇಕರ್ಸ್‌ಗೆ ಎರಡನೇ ಫೋನ್, ಮೊದಲನೆಯದು ಹ್ಯೂಸ್ಟನ್‌ಗೆ.

ಘಾಟಿ_ದಳ್ಳಾಳಿ:

ಪ್ಲೇನೋ ಅಕ್ಕ, ನಿಮ್ಮ ಬೆಲೆ ಹೇಳಲಿಲ್ಲ.

ಪ್ಲೇನೋ_ಅಕ್ಕ:

ಮಗಳನ್ನು ಕೇಳಿದೆ. ಹೋಂವರ್ಕ್ ಮಾಡ್ತಾ ತಲೆ ಎತ್ತದೆ "ಕೊಡಲ್ಲ" ಅಂದಳು. ಎಷ್ಟು ಪಿಕ್ ಕೊಟ್ಟರೂ? "ಎಷ್ಟು ಕೊಟ್ಟರೂ." ಈಗ ಅವಳನ್ನು ಮಲಗಿಸಬೇಕು, ನಾಳೆ ಸ್ಕೂಲಿದೆ.